ಬೋರ್ಡಿನಲ್ಲಿ 5.5 ಮೀಟರ್, ಟೇಪಿನಲ್ಲಿ 5.27

ಹಳದಿ ಮಾರ್ಗದ ಮೆಟ್ರೊದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವರು ನಾಳೆ ಒಮ್ಮೆ ಬೋಗಿಯ ಅಗಲ ನೋಡಿ. ಹೆಚ್ಚುಕಮ್ಮಿ 2.88 ಮೀಟರ್ ಇದೆ. ಉದ್ದ 21 ಮೀಟರ್ ಹತ್ತಿರ. ಈ ಬೋಗಿಗಳು ಹಳಿ ಹತ್ತುವ ಮುಂಚೆ ಬಂದದ್ದು ಟಾರು ರಸ್ತೆಯ ಮೇಲೆ. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈ ಬಂದರಿಗೆ ಬಂದು, ಅಲ್ಲಿಂದ ಟ್ರೇಲರ್‌ಗಳ ಮೇಲೆ ಕೂತು 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿ ಡಿಪೊ ಸೇರಿತು.

ನಮ್ಮ ದೇಶದಲ್ಲಿ ಲಾರಿಗೆ ಕಾನೂನು ಕೊಟ್ಟಿರುವ ಅಗಲ 2.6 ಮೀಟರ್. ಅಂದ್ರೆ ನೀವು ದಿನಾ ಫೋನ್ ನೋಡ್ಕೊಂಡು ನಿಲ್ಲುವ ಆ ಬೋಗಿ, ರಸ್ತೆಯಲ್ಲಿದ್ದಷ್ಟು ದಿನ 28 ಸೆಂಟಿಮೀಟರ್ ಕಾನೂನಿನಿಂದ ಹೊರಗಿತ್ತು. ಆ 28 ಸೆಂಟಿಮೀಟರಿಗೆ ಒಂದು ಅನುಮತಿ ಪತ್ರ ಬೇಕು. ನನ್ನ ಹೊಟ್ಟೆಪಾಡು ನಡೆಯೋದು ಈ ಪತ್ರಗಳಿಂದ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನಾನು ಸಾರಿಗೆ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವವನು ಅಂತ ಗೊತ್ತು. ಎರಡು ವರ್ಷದಿಂದ ನನ್ನ ಪಾಲಿಗೆ ಬಂದಿರುವುದು ಓಡಿಸಿ ಮಾಡ್ಯೂಲ್. ಓವರ್ ಡೈಮೆನ್ಷನಲ್ ಕಾರ್ಗೊ, ಅಂದ್ರೆ ಅಳತೆ ಮೀರಿದ ಸರಕು. ಸರಕಿನ ಉದ್ದ, ಅಗಲ, ಎತ್ತರ, ತೂಕ ಹಾಕಿದರೆ ಯಾವ ದಾರಿಯಲ್ಲಿ ಹೋಗಬಹುದು, ಯಾರ್ಯಾರ ಅನುಮತಿ ಬೇಕು ಅಂತ ನಮ್ಮ ಟೂಲ್ ಹೇಳುತ್ತದೆ. ಹೋಗಬಹುದಾದ ದಾರಿ ನಕ್ಷೆಯಲ್ಲಿ ಹಸಿರು ಗೆರೆಯಾಗಿ ಕಾಣುತ್ತದೆ. ಆ ಹಸಿರು ಬಣ್ಣವನ್ನು ಆರಿಸಿದವನೂ ನಾನೇ. ಈ ಸಲ ಬರೆಯಬೇಕಾಗಿರುವುದು ಆ ಹಸಿರಿನ ಬಗ್ಗೆ.

ಮೊದಲು ಕಾನೂನು, ಬೇಗ ಮುಗಿಸುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 93ನೇ ನಿಯಮ ಅಂತ ಒಂದಿದೆ. ಗಾಡಿ ಎಷ್ಟು ದೊಡ್ಡದಿರಬಹುದು ಅಂತ ಹೇಳುವುದು ಅದೇ. ಅಗಲ 2.6 ಮೀಟರ್. ಸಾಮಾನ್ಯ ಸರಕು ಲಾರಿಗೆ ಎತ್ತರ 4 ಮೀಟರ್, ಹಡಗಿನ ಕಂಟೇನರ್ ಹೊತ್ತ ಟ್ರೇಲರ್‌ಗೆ 4.52. ಟ್ರೇಲರ್ ಇಲ್ಲದ ಲಾರಿಯ ಉದ್ದ 12 ಮೀಟರ್. ತೂಕದ್ದು ಬೇರೆ ಲೆಕ್ಕ: ಆಕ್ಸಲ್ ಎಷ್ಟು, ಒಂದೊಂದರ ಮೇಲೆ ಭಾರ ಎಷ್ಟು ಅಂತ ನೋಡುತ್ತಾರೆ. 2018ರಲ್ಲಿ ಈ ಮಿತಿ ಏರಿಸಿದಾಗ ಟ್ರೇಲರ್ ಸೇರಿ ಒಟ್ಟು ಗರಿಷ್ಠ ತೂಕ 49 ಟನ್ನಿನಿಂದ 55 ಟನ್ನಿಗೆ ಹೋಯಿತು. ಇದನ್ನು ಮೀರಿದರೆ ವಿಶೇಷ ಅನುಮತಿ. ರಾಷ್ಟ್ರೀಯ ಹೆದ್ದಾರಿಗಾದರೆ ಕೇಂದ್ರ ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ, ರಾಜ್ಯದ ರಸ್ತೆಗೆ ಲೋಕೋಪಯೋಗಿ ಇಲಾಖೆ, ಊರೊಳಗೆ ಬಂದರೆ ಟ್ರಾಫಿಕ್ ಪೊಲೀಸ್, ರೈಲ್ವೆ ಗೇಟ್ ದಾಟಬೇಕಾದರೆ ರೈಲ್ವೆಯವರು. ವಿದ್ಯುತ್ ಹಳಿ ಇರುವ ಗೇಟುಗಳ ಎರಡೂ ಕಡೆ ಅಡ್ಡ ಪಟ್ಟಿ ಕಟ್ಟಿದ ಕಬ್ಬಿಣದ ಕಮಾನು ನೋಡಿರುತ್ತೀರಿ. ಸುಮಾರು 4.7 ಮೀಟರ್ ಎತ್ತರದಲ್ಲಿರುತ್ತದೆ. ಅದಕ್ಕಿಂತ ಎತ್ತರದ ಸರಕು ದಾಟಬೇಕಾದರೆ ಮೇಲಿನ ತಂತಿಯ ವಿದ್ಯುತ್ ಕಡಿತ ಮಾಡಿಸಬೇಕು, ಅದಕ್ಕೆ ಬೇರೆ ಅರ್ಜಿ.

ಈ ಅನುಮತಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಷರತ್ತಿದೆ. ಸರಕು ಬಿಡಿಸಲಾಗದ್ದು ಆಗಿರಬೇಕು. ಎರಡು ಲಾರಿಗೆ ಹಂಚಬಹುದಾದ ಮಾಲಿಗೆ ಅನುಮತಿ ಇಲ್ಲ. ಟ್ರಾನ್ಸ್‌ಫಾರ್ಮರನ್ನು ಅರ್ಧ ಮಾಡೋಕಾಗಲ್ಲ, ಗಾಳಿಯಂತ್ರದ ರೆಕ್ಕೆಯನ್ನು ಮಡಚೋಕಾಗಲ್ಲ, ಸರಿ, ಬನ್ನಿ ಮಾತಾಡೋಣ. ಕಬ್ಬು? ಹುಲ್ಲು? ಅದು ಬಿಡಿಸಬಹುದಾದ ಸರಕು, ಇನ್ನೊಂದು ಟ್ರಿಪ್ ಹೊಡಿ ಅನ್ನುತ್ತದೆ ಕಾನೂನು. ಮಂಡ್ಯ, ಬೆಳಗಾವಿ ಕಡೆ ಸೀಸನ್ನಿನಲ್ಲಿ ಸಂಜೆ ಹೊತ್ತು ಗಾಡಿ ಓಡಿಸಿದವರಿಗೆ ಈ ಮಾತು ಕೇಳಿ ನಗು ಬರಬಹುದು. ಎರಡೂ ಬದಿಗೆ ಚಾಚಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ಕರ್ನಾಟಕದ ಅತಿ ಮಾಮೂಲಿ ಓಡಿಸಿ. ಅದಕ್ಕೆ ಯಾವ ಪೋರ್ಟಲ್ಲೂ ಇಲ್ಲ. ಹಾಗೇ ಕಬ್ಬಿಣದ ಸರಳು. ಲಾರಿಯ ಹಿಂದೆ 1 ಮೀಟರ್‌ವರೆಗೆ ಚಾಚಿದರೆ ಪರವಾಗಿಲ್ಲ ಅಂತ ನಿಯಮ ಇತ್ತು. ಹಿಂದಿನ ಕಾರಿನ ಗಾಜೊಳಗೆ ಸರಳು ನುಗ್ಗಿ ಜನ ಸತ್ತ ಮೇಲೆ 2014ರಲ್ಲಿ ಆ ಅವಕಾಶ ತೆಗೆದರು. ಇವತ್ತಿಗೂ ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಹೋಗುವ ಲಾರಿ ನಮ್ಮ ರಿಂಗ್ ರೋಡಿನಲ್ಲೇ ಸಿಗುತ್ತೆ.

ನಮ್ಮ ಆಫೀಸಿನಲ್ಲಿ ಹಳೇ ಕೋಡನ್ನು ಮೊನೊಲಿತ್ ಅಂತ ಬೈಯ್ಯುತ್ತೇವಲ್ಲ, ಆ ಪದದ ಮೂಲ ಅರ್ಥ ಏಕಶಿಲೆ. ನಿಜವಾದ ಏಕಶಿಲೆ ರಸ್ತೆಗೆ ಇಳಿದರೆ ಏನಾಗುತ್ತದೆ ಅನ್ನೋದನ್ನು 2018ರ ಡಿಸೆಂಬರಿನಿಂದ ಆರು ತಿಂಗಳು ನಾವೆಲ್ಲ ವಾಟ್ಸಾಪಿನಲ್ಲಿ ನೋಡಿದ್ದೇವೆ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಕಲ್ಲಿನಿಂದ ಕಡೆದ 64 ಅಡಿಯ ವಿಶ್ವರೂಪ ವಿಷ್ಣು, ನಮ್ಮ ಈಜಿಪುರದ ದೇವಸ್ಥಾನಕ್ಕೆ ಅಂತ ಹೊರಟಿದ್ದು. ತೂಕ 300 ಟನ್ನಿಗೂ ಮಿಕ್ಕಿ, 240 ಚಕ್ರದ ಟ್ರೇಲರ್. ದಾರಿಯ ಊರುಗಳಲ್ಲಿ ಅಡ್ಡ ಬಂದ ಅಂಗಡಿ, ಮನೆಗಳ ಮುಂಭಾಗ ಒಡೆದರು. ಹೊಸೂರಿನ ಹತ್ತಿರ ಸೇತುವೆ ಮೇಲೆ ಹೋಗುವಂತಿಲ್ಲ ಅಂತ ಪಕ್ಕದಲ್ಲಿ ಹೊಳೆಗೇ ಮಣ್ಣು ತುಂಬಿ ತಾತ್ಕಾಲಿಕ ರಸ್ತೆ ಮಾಡಿದರು, ಅದು ಮಳೆಗೆ ಕೊಚ್ಚಿಹೋಯಿತು. ಮತ್ತೆ ಮಾಡಿದರು. ಅತ್ತಿಬೆಲೆ ದಾಟುವಾಗ 2019ರ ಜೂನ್. ನಮ್ಮಮ್ಮ ಅವತ್ತು ಫೋನ್ ಮಾಡಿ, 'ದೇವರು ಬೆಂಗಳೂರಿಗೆ ಬಂದನಂತೆ, ನೀನು ನೋಡಿದ್ಯಾ?' ಅಂದಿದ್ದಳು. ಆಗ ನನಗೆ ಈ ಕೆಲಸ ಇರಲಿಲ್ಲ. ಇದ್ದಿದ್ದರೆ ಆ ಸೇತುವೆಯ ಲೆಕ್ಕ ಕೇಳುತ್ತಿದ್ದೆ.

ಯಾಕಂದ್ರೆ ಇಡೀ ವ್ಯವಹಾರದಲ್ಲಿ ಸರ್ಕಾರ ನಿಜವಾಗಿ ತಲೆಕೆಡಿಸಿಕೊಳ್ಳುವುದು ಸೇತುವೆಗಳ ಬಗ್ಗೆ, ಮತ್ತು ಆ ಭಾಗ ಸೊಗಸಾಗಿದೆ. ಸೇತುವೆ ಕಟ್ಟುವವರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 6 ಅನ್ನುವ ಸಂಹಿತೆ ಇದೆ. ಯಾವ ಯಾವ ಭಾರಕ್ಕೆ ಸೇತುವೆ ತಡೆಯಬೇಕು ಅಂತ ಅದರಲ್ಲಿ ಬರೆದಿದೆ. ಈಗಿನ ಸಂಹಿತೆಯಲ್ಲಿ ಒಂದು ವಿಶೇಷ ವಾಹನದ ಲೆಕ್ಕವೂ ಸೇರಿದೆ: 20 ಆಕ್ಸಲ್ಲಿನ ಹೈಡ್ರಾಲಿಕ್ ಟ್ರೇಲರ್, ಮುಂದೆ ಎಳೆಯುವ ಪುಲ್ಲರ್, ಎಲ್ಲ ಸೇರಿ 385 ಟನ್. ಆದರೆ ಆ ಲೆಕ್ಕಕ್ಕೆ ಷರತ್ತುಗಳಿವೆ. ಸೇತುವೆ ಮೇಲೆ ವೇಗ ಗಂಟೆಗೆ 5 ಕಿಲೋಮೀಟರ್ ದಾಟಬಾರದು, ಅಂದ್ರೆ ನಡೆಯುವ ವೇಗ. ರಸ್ತೆಯ ನಟ್ಟನಡುವೆಯೇ ಹೋಗಬೇಕು, ಪಕ್ಕಕ್ಕೆ ಸರಿದರೂ 30 ಸೆಂಟಿಮೀಟರ್ ಅಷ್ಟೇ. ಆ ಹೊತ್ತಿನಲ್ಲಿ ಸೇತುವೆ ಮೇಲೆ ಬೇರೊಂದು ಗಾಡಿ ಇರಬಾರದು. ಬ್ರೇಕಿನ ಹೊಡೆತ, ಗಾಡಿ ಕುಲುಕುವ ಹೊಡೆತ ಯಾವುದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅಷ್ಟು ನಿಧಾನ ಹೋದರೆ ಅವು ಇರೋದೇ ಇಲ್ಲ ಅನ್ನುವ ನಂಬಿಕೆ ಮೇಲೆ ನಿಂತ ಲೆಕ್ಕ ಅದು.

ಈಗ ರಾತ್ರಿ ಹೆದ್ದಾರಿಯಲ್ಲಿ, ಸೇತುವೆಯ ಮುಂಚೆ ಪೈಲಟ್ ಜೀಪಿನವನು ಕೆಂಪು ಟಾರ್ಚ್ ಬೀಸಿ ನಿಮ್ಮನ್ನು ನಿಲ್ಲಿಸಿದ್ದು ನೆನಪು ಮಾಡಿಕೊಳ್ಳಿ. ನಾನೂ ಹಾರ್ನ್ ಹೊಡೆದು, ಬೈದು, ಪಕ್ಕದಲ್ಲಿ ಜಾಗ ಇದೆಯಲ್ಲ ಅಂತ ನುಗ್ಗಿದವನೇ. ಅಲ್ಲಿ ಜಾಗದ ಪ್ರಶ್ನೆ ಇಲ್ಲ. ನಮ್ಮ ಕಾರು ಆ ಸೇತುವೆಯ ಲೆಕ್ಕದೊಳಗಿಲ್ಲ.

ಇಷ್ಟೆಲ್ಲ ಓದಿಕೊಂಡು, ನಿಯಮಗಳನ್ನು ಕೋಡಿಗೆ ಇಳಿಸಿ, ನಾನು ಆ ಟೂಲ್ ಬಗ್ಗೆ ಸಾಕಷ್ಟು ಜಂಬದಲ್ಲೇ ಇದ್ದೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಗ್ರಾಹಕ ಕಂಪನಿಯೊಂದು, 'ಒಂದು ರಾತ್ರಿ ಗಾಡಿ ಜೊತೆ ಬನ್ನಿ, ಹುಡುಗರಿಗೆ ಆ್ಯಪ್ ಹೇಗೆ ಬಳಸೋದು ಅಂತ ತೋರಿಸಿ' ಅಂತ ಕರೆಯಿತು. ಸರಕು ಒಂದು ಪವರ್ ಟ್ರಾನ್ಸ್‌ಫಾರ್ಮರ್. ಎಣ್ಣೆ ಎಲ್ಲ ಖಾಲಿ ಮಾಡಿ, ಒಳಗೆ ತೇವ ಸೇರದಂತೆ ಒಣ ಗಾಳಿ ತುಂಬಿ ಸಾಗಿಸುತ್ತಾರೆ. ಆದರೂ 90 ಟನ್. ಮೈಮೇಲೆ ಒಂದು ಪುಟ್ಟ ಪೆಟ್ಟಿಗೆ ಅಂಟಿಸಿರುತ್ತಾರೆ, ದಾರಿಯಲ್ಲಿ ಎಲ್ಲಿ ಎಷ್ಟು ಕುಲುಕಿತು ಅಂತ ಬರೆದಿಟ್ಟುಕೊಳ್ಳುವುದು ಅದರ ಕೆಲಸ. ಹತ್ತು ಸಾಲು ಆಕ್ಸಲ್, 80 ಟೈರು. ಟ್ರೇಲರ್ ಮೇಲೆ ಕೂರಿಸಿದಾಗ ನೆಲದಿಂದ ತುದಿಗೆ 5.3 ಮೀಟರ್. ಹೊಸೂರು ರಸ್ತೆಯಿಂದ ಕವಲೊಡೆದು ಮಾಲೂರು ಕಡೆಯ ಒಂದು ಸಬ್‌ಸ್ಟೇಷನ್ನಿಗೆ ಹೋಗಬೇಕಿತ್ತು. ನಕ್ಷೆಯಲ್ಲಿ ಪೂರ್ತಿ ಹಸಿರು.

ತಂಡದ ಮೇಸ್ತ್ರಿ ಸೇಲಂ ಕಡೆಯವರು. ಮೂವತ್ತು ವರ್ಷದಿಂದ ಇದೇ ಕೆಲಸ, ತಮಿಳಿನ ರಾಗದಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ನನ್ನನ್ನು ಮೊದಲು 'ಸಾರ್' ಅಂತಿದ್ದವರು ಎರಡು ಟೀ ಆದಮೇಲೆ 'ತಮ್ಮಾ' ಅಂದರು. ನಾನು ಟ್ಯಾಬ್ ತೆಗೆದು ದಾರಿ ತೋರಿಸಿದೆ. ಕತ್ತು ಬಗ್ಗಿಸಿ ನೋಡಿ, 'ಕಲರ್ ಚೆನ್ನಾಗಿದೆ' ಅಂದರು. ಆಮೇಲೆ ಪೈಲಟ್ ಜೀಪಿನ ಮುಂದೆ ಕಟ್ಟಿದ್ದ ಉದ್ದನೆ ಕೋಲಿನ ತುದಿಯನ್ನು 5.4 ಮೀಟರಿಗೆ ಎಳೆದು ಬಿಗಿ ಮಾಡಿದರು. ಸರಕಿಗಿಂತ ಒಂದು ಗೇಣಿಗೂ ಕಡಿಮೆ ಎತ್ತರ. ಕೋಲಿಗೆ ಏನೂ ತಾಗದಿದ್ದರೆ ಹಿಂದೆ ಬರುವ ಟ್ರಾನ್ಸ್‌ಫಾರ್ಮರಿಗೂ ತಾಗುವುದಿಲ್ಲ. ಅಷ್ಟೇ ತಂತ್ರಜ್ಞಾನ.

ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ಮೇಲ್ಸೇತುವೆಯ ಕೆಳಗೆ ಕೋಲು 'ಟಕ್' ಅಂತು.

ಸೇತುವೆಯ ಮೇಲೆ ಹಳದಿ ಬೋರ್ಡು ಇತ್ತು, 5.5 ಮೀಟರ್ ಅಂತ. ನನ್ನ ಟೂಲಿನಲ್ಲೂ 5.5. ಮೇಸ್ತ್ರಿ ಟೇಪ್ ಹಿಡಿಸಿದರು. ನಡುವಿನಲ್ಲಿ 5.31, ಎಡ ಅಂಚಿಗೆ ಬರುವಷ್ಟರಲ್ಲಿ 5.27. ಸೇತುವೆ ಕೆಳಗಿಳಿದಿರಲಿಲ್ಲ, ರಸ್ತೆ ಮೇಲೆದ್ದಿತ್ತು. ಹಳೇ ಟಾರನ್ನು ಕೆರೆಯದೆ ಅದರ ಮೇಲೇ ಹೊಸ ಟಾರು ಹಾಕುತ್ತಾ ಹೋದರೆ ಪ್ರತಿ ಸಲ ನಾಲ್ಕೈದು ಸೆಂಟಿಮೀಟರೋ, ಎರಡು ಪದರ ಹಾಕಿದರೆ ಹತ್ತೋ ಎತ್ತರ ಹೋಗುತ್ತದೆ. ಬೋರ್ಡು ಬರೆದವನು ಸೇತುವೆ ಉದ್ಘಾಟನೆಯ ದಿನ ಬರೆದು ಹೋದ. ಬೆಂಗಳೂರಿನಲ್ಲಿ ರಸ್ತೆ ಎತ್ತರವಾಗಿ ಮನೆಗಳು ತಗ್ಗಿನಲ್ಲಿ ಕೂತಿರುವುದನ್ನು ನಾವು ಮಳೆ ಬಂದಾಗ ನೋಡುತ್ತೇವೆ. ಇದು ಅದರದ್ದೇ ಇನ್ನೊಂದು ಮುಖ.

'ಸರ್ವೆ ಯಾವಾಗಿಂದು ತಮ್ಮಾ?' ಅಂತ ಕೇಳಿದರು.

ನೋಡಿದೆ. ಹಿಂದಿನ ಯಾವುದೋ ಟ್ರಿಪ್ಪಿಗೆ ಮಾಡಿದ ದಾರಿ ಸರ್ವೆ, ಹತ್ತು ತಿಂಗಳ ಹಳೆಯದು. ಟೂಲ್ ಅದನ್ನು ಇನ್ನೂ ಚಾಲ್ತಿಯಲ್ಲಿದೆ ಅಂತ ಎತ್ತಿಕೊಂಡಿತ್ತು. ಯಾಕಂದ್ರೆ ಸರ್ವೆಯ ಅವಧಿ 365 ದಿನ ಅಂತ ನಾನು ಬರೆದಿದ್ದೆ. ಯಾಕೆ 365? ಯಾರೂ ಹೇಳಿರಲಿಲ್ಲ. ಯಾವ ನಿಯಮದಲ್ಲೂ ಓದಿರಲಿಲ್ಲ. ಆ ಜಾಗದಲ್ಲಿ ಏನಾದರೂ ಒಂದು ಡಿಫಾಲ್ಟ್ ಬೇಕಿತ್ತು, ಶುಕ್ರವಾರ ಸಂಜೆ ರಿಲೀಸ್ ಇತ್ತು. ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಹೇಗಾಗುತ್ತದೆ ಅಂತ ವಿವರಿಸಬೇಕಿಲ್ಲ.

ಹೈಡ್ರಾಲಿಕ್ ಟ್ರೇಲರಿನ ಒಳ್ಳೇ ಗುಣ ಏನಂದ್ರೆ ಅದು ಕೂರುತ್ತದೆ, ಏಳುತ್ತದೆ. ಒಂದೊಂದು ಆಕ್ಸಲ್ಲಿಗೂ ಎಣ್ಣೆಯ ಒತ್ತಡದ ಸಿಲಿಂಡರ್ ಇರುತ್ತದೆ, ಇಡೀ ಹಾಸನ್ನೇ ಇಳಿಸಬಹುದು. 15 ಸೆಂಟಿಮೀಟರ್ ಇಳಿಸಿದರು, ಸರಕಿನ ತುದಿ 5.15ಕ್ಕೆ ಬಂತು. ಎರಡೂ ಬದಿಯಲ್ಲಿ ಟಾರ್ಚ್ ಹಿಡಿದು ಇಬ್ಬಿಬ್ಬರು, ಮೇಲೆ ನೋಡುತ್ತ. ಪುಲ್ಲರ್ ಡ್ರೈವರ್ ತಲೆ ಹೊರಗೆ ಹಾಕಿ ಮೇಸ್ತ್ರಿಯ ಕೈ ನೋಡುತ್ತ. ಆಕಳಿಸುತ್ತಿದ್ದ ಪೊಲೀಸ್ ಪೇದೆಯೂ ಎದ್ದು ಬಂದು ನಿಂತರು. ಆನೆ ಬಾಗಿಲಲ್ಲಿ ಬಗ್ಗಿ ಹೋಗುತ್ತಲ್ಲ, ಹಾಗೆ ಹೋಯಿತು. ಎಲ್ಲ ಮುಗಿಯುವಷ್ಟರಲ್ಲಿ ಒಂದು ಮುಕ್ಕಾಲು ಗಂಟೆ.

ಆ ಒಂದು ಮುಕ್ಕಾಲು ಗಂಟೆಯೇ ಆಮೇಲೆ ಕುತ್ತಿಗೆಗೆ ಬಂತು. ಸಬ್‌ಸ್ಟೇಷನ್ನಿಗೆ ನಾಲ್ಕು ಕಿಲೋಮೀಟರ್ ಮುಂಚೆ ಒಂದು ಹಳ್ಳಿ. ಅಲ್ಲಿ 11 ಕೆವಿ ತಂತಿ ರಸ್ತೆಗೆ ಅಡ್ಡ ಹಾದಿದೆ. ರಾತ್ರಿ 11.30ರಿಂದ 1.30ರವರೆಗೆ ಆ ಲೈನಿನ ವಿದ್ಯುತ್ ತೆಗೆಸಲು ಮೊದಲೇ ಪತ್ರ ಕೊಟ್ಟಿದ್ದರು. ನಾವು ಮುಟ್ಟಿದಾಗ 1.50. ಲೈನ್‌ಮನ್ ಟಾರ್ಚ್ ಹಿಡಿದು ಕಾಯುತ್ತಿದ್ದರು. 'ಚಾರ್ಜ್ ಮಾಡಾಯ್ತು ಸಾರ್. ಮತ್ತೆ ತೆಗೆಯಕ್ಕಾಗಲ್ಲ. ರಾತ್ರಿ ತ್ರೀ ಫೇಸ್ ಕೊಡೋದೇ ಅಷ್ಟೊತ್ತು, ಪಂಪ್ ಸೆಟ್ ಹಾಕ್ಕೊಂಡು ರೈತ್ರು ತೋಟದಲ್ಲಿ ಕೂತವ್ರೆ.' ಅವರು ಹೇಳಿದ್ದು ತಪ್ಪು ಅಂತ ಇವತ್ತಿಗೂ ನನಗನ್ನಿಸಿಲ್ಲ. ಟೊಮೆಟೊಗೆ ನೀರು ಬಿಡಲು ರಾತ್ರಿ ಎರಡು ಗಂಟೆಗೆ ಎದ್ದು ಕೂತವರಿಗೆ ನಮ್ಮ ಟ್ರಾನ್ಸ್‌ಫಾರ್ಮರ್ ಏನಾಗಬೇಕು?

ಕಂಪನಿಯ ಆಫೀಸಿನಿಂದ ಫೋನ್ ಮೇಲೆ ಫೋನ್. ಸೈಟಿನಲ್ಲಿ ಕ್ರೇನ್ ಬಂದು ನಿಂತಿದೆ, ದಿನದ ಬಾಡಿಗೆ ಓಡ್ತಿದೆ. ಅನುಮತಿ ಪತ್ರದ ಅವಧಿ ನಾಡಿದ್ದು ಮಧ್ಯರಾತ್ರಿಗೆ ಮುಗಿಯುತ್ತದೆ, ಹಗಲು ಹೊತ್ತು ಗಾಡಿ ಅಲ್ಲಾಡಿಸುವಂತಿಲ್ಲ. ಅವಧಿ ಮುಗಿದ ಮೇಲೆ ರಸ್ತೆಯಲ್ಲಿ ಸಿಕ್ಕರೆ ಅಳತೆ ಮೀರಿದ್ದಕ್ಕೆ 20,000 ದಂಡ. ತೂಕ ಮೀರಿದ್ದಕ್ಕೆ ಬೇರೆ 20,000, ಜೊತೆಗೆ ಹೆಚ್ಚಿನ ಒಂದೊಂದು ಟನ್ನಿಗೆ 2,000. ನಿಜ ಹೇಳಬೇಕೆಂದರೆ ಈ ದಂಡಕ್ಕೆ ದೊಡ್ಡ ಕಂಪನಿಗಳು ಹೆದರುವುದಿಲ್ಲ. ಅಳತೆಯೊಂದೇ ಮೀರಿದ್ದರೆ ಅನುಮತಿಗೆ ಕಾಯುವುದಕ್ಕಿಂತ 20,000 ಕಟ್ಟುವುದೇ ಅಗ್ಗ ಅಂತ ರಾತ್ರೋರಾತ್ರಿ ಕದ್ದು ಓಡಿಸುವವರು ಇದ್ದಾರೆ, ಈ ಧಂದೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತಿನ ಆತುರ ಕ್ರೇನಿನದ್ದು.

ಫೋನಿನಲ್ಲಿದ್ದವರು ಹೇಳಿದ್ದು ಸರಳ. ತಂತಿ ಎತ್ತರದಲ್ಲೇ ಇರುತ್ತೆ, ಹುಡುಗ ಮೇಲೆ ಹತ್ತಿ ಫೈಬರ್ ಕೋಲಿನಲ್ಲಿ ಒಂಚೂರು ನೋಡಿಕೊಂಡರೆ ಆಯ್ತು, ಎಲ್ಲರೂ ಹಾಗೇ ಮಾಡ್ತಾರೆ. ಅದೂ ಸುಳ್ಳಲ್ಲ. ಊರೊಳಗೆ ಬಂದಾಗ ಕೇಬಲ್ ಟಿವಿ, ಇಂಟರ್ನೆಟ್ ವೈರುಗಳನ್ನು ಹಾಗೇ ಎತ್ತುತ್ತಾರೆ. ಒಬ್ಬ ಸರಕಿನ ಮೇಲೆ ಮಲಗಿಕೊಂಡು, ಕೋಲಿನಿಂದ ವೈರನ್ನು ತಲೆಯ ಮೇಲಿಂದ ಹಿಂದಕ್ಕೆ ಸಾಗಿಸುತ್ತಾ ಹೋಗುತ್ತಾನೆ. ನಮ್ಮ ಮನೆಯ ವೈಫೈ ರಾತ್ರಿ ಮೂರಕ್ಕೆ ಹೋಗಿ ಬೆಳಗ್ಗೆ ಬಂದಿದ್ದರೆ ಅಂಥದ್ದೇ ಏನೋ ನಡೆದಿರುತ್ತದೆ. ಆದರೆ 11 ಕೆವಿ ಇಂಟರ್ನೆಟ್ ವೈರಲ್ಲ. ಅದನ್ನು ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸಾಕು.

ಹೆಲ್ಪರ್ ಹುಡುಗ ಮುಳಬಾಗಿಲಿನವನು, ಇಪ್ಪತ್ತೆರಡು ಇರಬಹುದು. ಯಾರೂ ಹೇಳುವ ಮುಂಚೆಯೇ ಕೋಲು ಹಿಡಿದು ಏಣಿ ಹತ್ತುತ್ತಿದ್ದ. ಅವನಿಗೆ ಅದು ದಿನನಿತ್ಯದ ಕೆಲಸ.

ಅಷ್ಟೊತ್ತಿಗೆ ಫೋನ್ ನನ್ನ ಕೈಗೆ ಬಂತು. 'ನಿಮ್ಮ ಆ್ಯಪಿನಲ್ಲಿ ಆ ತಂತಿ ಎಷ್ಟು ಎತ್ತರ ಇದೆ ನೋಡಿ ಹೇಳಿ.'

ನೋಡಿದೆ. 6.1 ಮೀಟರ್ ಅಂತಿತ್ತು. ಸರಕು 5.3. ಎಂಬತ್ತು ಸೆಂಟಿಮೀಟರ್ ಅಂತರ, ಹಸಿರು.

ಆ 6.1 ಎಲ್ಲಿಂದ ಬಂತು ಅನ್ನೋದು ಆ ರಸ್ತೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ ರಸ್ತೆಗೆ ಅಡ್ಡ ಹಾದ 11 ಕೆವಿ ತಂತಿ ನೆಲದಿಂದ 6.1 ಮೀಟರಿಗಿಂತ ಕೆಳಗಿರಬಾರದು. ಯಾವ ತಂತಿಯ ಅಳತೆ ನಮ್ಮ ಬಳಿ ಇಲ್ಲವೋ ಅಲ್ಲೆಲ್ಲ ನಿಯಮದ ಸಂಖ್ಯೆಯನ್ನೇ ತುಂಬಿಸು ಅಂತ ನಾನೇ ಒಂದು ಸಾಲು ಬರೆದಿದ್ದೆ. ಖಾಲಿ ಬಿಟ್ಟರೆ ನಕ್ಷೆಯಲ್ಲಿ ಬೂದು ಬಣ್ಣ ಬರುತ್ತಿತ್ತು, ಡೆಮೊದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ.

ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ತುಂಬ ಹೊತ್ತು ಅನ್ನಿಸಿತು. ಗ್ರಾಹಕರ ಮುಂದೆ ನಮ್ಮ ಟೂಲಿನಲ್ಲಿರುವುದು ಸುಳ್ಳು ಅಂತ ಹೇಳುವುದು ಅಷ್ಟು ಸುಲಭ ಅಲ್ಲ. ಅದೂ ಆ ತಿಂಗಳೇ ಅವರ ಒಪ್ಪಂದ ನವೀಕರಣ ಆಗಬೇಕಿತ್ತು. 'ಸಾರ್, ಅದು ಅಳೆದಿದ್ದಲ್ಲ. ಇರಬೇಕಾದ ಎತ್ತರ. ಇದೆಯೋ ಇಲ್ವೋ ಗೊತ್ತಿಲ್ಲ' ಅಂದೆ.

ಆ ಕಡೆಯಿಂದ ಏನು ಬಂತು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೇಸ್ತ್ರಿಗೆ ನಾನು ಹೇಳಿದ್ದು ಕೇಳಿಸಿತ್ತು. ಅವರು ಏಣಿಯ ಕಡೆ ತಿರುಗಿ, 'ಇಳಿಯೋ ಕೆಳಗೆ' ಅಂದರು. ಜೋರಾಗೇನೂ ಅಲ್ಲ. ಹುಡುಗ ಇಳಿದ. ಗಾಡಿಯನ್ನು ರಸ್ತೆ ಪಕ್ಕ ಹಾಕಿ, ಸುತ್ತ ಕೋನ್ ಇಟ್ಟು, ಕೆಂಪು ದೀಪ ಹಚ್ಚಿ, ಚಕ್ರಗಳಿಗೆ ಕಟ್ಟಿಗೆ ಕೊಟ್ಟು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಮೇಸ್ತ್ರಿಗೆ ಬಂತು.

ಬೆಳಗ್ಗೆ ಲೈನ್‌ಮನ್ ತಮ್ಮ ಅಳತೆ ಸಾಧನ ತಂದು ನೋಡಿದರು. ತಂತಿ ಜೋತು, ರಸ್ತೆ ನಡುವೆ 5.6 ಮೀಟರಿಗೆ ಬಂದಿತ್ತು. ಸರಕಿನ ತುದಿಗೂ ಅದಕ್ಕೂ ಮೂವತ್ತು ಸೆಂಟಿಮೀಟರ್. ಅದರೊಳಗೆ ಒಬ್ಬ ಮನುಷ್ಯ ಮಲಗಬೇಕಿತ್ತು.

ಹಗಲೆಲ್ಲ ಅಲ್ಲೇ ಕೂತಿದ್ದಾಗ ಮೇಸ್ತ್ರಿ ಹಳೇ ಟ್ರಿಪ್ಪುಗಳ ಕಥೆ ಹೇಳಿದರು. ನಾನು ಇಸ್ರೊದ ಆಟೊಕ್ಲೇವ್ ಕಥೆ ಹೇಳಿದೆ. ಮಹಾರಾಷ್ಟ್ರದ ಅಂಬರ್‌ನಾಥದಿಂದ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರಕ್ಕೆ 2019ರ ಜುಲೈನಲ್ಲಿ ಹೊರಟ ಸುಮಾರು 70 ಟನ್ನಿನ ಯಂತ್ರ ತಲುಪಿದ್ದು 2020ರ ಜುಲೈನಲ್ಲಿ. 1,700 ಕಿಲೋಮೀಟರಿಗೆ ಒಂದು ವರ್ಷ. ನಡುವೆ ಲಾಕ್‌ಡೌನ್ ಬೇರೆ. ದಿನಕ್ಕೆ ಸುಮಾರು 5 ಕಿಲೋಮೀಟರ್ ಬಿತ್ತು ಅಂದೆ. ಅವರು ಸ್ವಲ್ಪ ಯೋಚಿಸಿ, 'ಹೋಗಿ ಮುಟ್ಟಿತಲ್ಲ' ಅಂದರು. ಊರಿನ ಹುಡುಗರು ಟ್ರಾನ್ಸ್‌ಫಾರ್ಮರ್ ಮುಂದೆ ನಿಂತು ರೀಲ್ಸ್ ಮಾಡಿಕೊಂಡರು. ಒಬ್ಬ ಅಜ್ಜಿ ಬಂದು ಇದು ಏನು ಅಂತ ಕೇಳಿ, ಕರೆಂಟಿನದ್ದು ಅಂದಾಗ, 'ಹಂಗಾರೆ ಇನ್ಮೇಲೆ ಹಗಲೊತ್ತೇ ತ್ರೀ ಫೇಸ್ ಬತ್ತದಾ?' ಅಂದರು. ನಾವ್ಯಾರೂ ಉತ್ತರ ಕೊಡಲಿಲ್ಲ.

ಮರುದಿನ ರಾತ್ರಿ ಹನ್ನೆರಡರಿಂದ ಒಂದರವರೆಗೆ ಲೈನ್ ತೆಗೆಸಿದರು. ತಂತಿ ದಾಟಲು ಹದಿನೈದು ನಿಮಿಷ ಸಾಕಾಯಿತು. ಸಬ್‌ಸ್ಟೇಷನ್ ಗೇಟಿನೊಳಗೆ ಪುಲ್ಲರ್ ತಿರುಗಿದಾಗ ಅನುಮತಿ ಪತ್ರಕ್ಕೆ ಇನ್ನೂ ಒಂದು ದಿನದ ಆಯಸ್ಸಿತ್ತು. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಆ ಟ್ರಿಪ್ ಇವತ್ತಿಗೂ ಕೆಂಪು: '1 ದಿನ ವಿಳಂಬ, ಕಾರಣ: ಸಿಬ್ಬಂದಿ'. ಕಾರಣದ ಪಟ್ಟಿಯಲ್ಲಿ ಹವಾಮಾನ, ಟ್ರಾಫಿಕ್, ಗಾಡಿ ಕೆಟ್ಟದ್ದು, ಸಿಬ್ಬಂದಿ ಅಂತ ನಾಲ್ಕೇ ಇದ್ದವು. ಯಾರೋ ಕೊನೆಯದನ್ನು ಒತ್ತಿದ್ದಾರೆ.

ಬಂದ ವಾರವೇ ನಾನು ಎರಡು ಬದಲಾವಣೆ ಮಾಡಿದೆ. ಅಳತೆ ಇಲ್ಲದ ಕಡೆ ನಿಯಮದ ಸಂಖ್ಯೆ ತುಂಬಿಸುವ ಆ ಸಾಲು ಅಳಿಸಿದೆ. ಈಗ ಅಲ್ಲಿ ಬೂದು ಬಣ್ಣ, 'ಯಾರೂ ಅಳೆದಿಲ್ಲ' ಅಂತ ಬರಹ. ಮತ್ತೆ ಪ್ರತಿ ಸೇತುವೆ, ಪ್ರತಿ ತಂತಿಯ ಮುಂದೆ ಹೊಸ ಖಾನೆ: ಅಳೆದವರು ಯಾರು, ಯಾವತ್ತು. ಅದನ್ನು ತುಂಬದೆ ದಾರಿ ಹಸಿರಾಗುವುದಿಲ್ಲ. ನಕ್ಷೆ ಈಗ ಮುಕ್ಕಾಲು ಪಾಲು ಬೂದು. ಮಾರಾಟದವರಿಗೆ ಸಿಟ್ಟು ಬಂದಿದೆ. ಬೇರೆಯವರ ಟೂಲು ಇಡೀ ದೇಶ ಹಸಿರು ತೋರಿಸುತ್ತದಂತೆ. ಆ ಖಾನೆಯನ್ನು ಕಡ್ಡಾಯದಿಂದ ಐಚ್ಛಿಕ ಮಾಡು ಅಂತ ನನ್ನ ಹೆಸರಿಗೆ ಟಿಕೆಟ್ ಬಂದು ಐದು ವಾರ ಆಯಿತು. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಅದರ ಬಗ್ಗೆ ಕೇಳುತ್ತಾರೆ. ನಾನು 'ನೋಡ್ತಿದೀನಿ' ಅನ್ನುತ್ತೇನೆ.

ಮೊನ್ನೆ ಮೇಸ್ತ್ರಿ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದರು. ಕೋಲಾರದ ಹತ್ತಿರ ಯಾವುದೋ ಸೇತುವೆ ಕೆಳಗೆ ಟೇಪ್ ಹಿಡಿದದ್ದು. ಟೇಪ್ ಹಿಡಿದವನು ಅದೇ ಮುಳಬಾಗಿಲಿನ ಹುಡುಗ. ಕೆಳಗೆ 5.42 ಅಂತ ಬರೆದಿದ್ದರು, ತಾರೀಕಿನ ಸಮೇತ. ಅಳೆದವರು ಖಾನೆಯಲ್ಲಿ ಹುಡುಗನ ಹೆಸರು ಹಾಕಿದೆ.